ಅಡ್ಡಹೆಸರಿನ ಊರು

ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡದ ಸೀಮೆಯಲ್ಲಿ ವ್ಯಕ್ತಿಯ ಹೆಸರಿನ ಕೊನೆಗೆ ಮನೆತನವನ್ನು ಗುರುತಿಸುವ ಪದವೊಂದನ್ನು ಸೇರಿಸಿ ಕರೆಯುವ ರೂಢಿಯಿದ್ದು, ಅದನ್ನು ಅಲ್ಲಿನ ಜನ ಅಡ್ಡಹೆಸರು ಎನ್ನುತ್ತಾರೆ. ಪಾಟೀಲ, ಕುಲಕರ್ಣಿ, ಬಿರಾದಾರ ಎಂಬಂಥವು ಮನೆತನ ಒಂದು ಕಾಲದಲ್ಲಿ ನಿರ್ವಹಿಸಿದ ಅಧಿಕಾರವನ್ನೂ, ಬಡಿಗೇರ, ಕುಂಬಾರ ಎಂಬಂಥವು ಅದರ ಕಸುಬನ್ನೂ ಹೇಳಿದರೆ, ಸಿಂದಗಿ, ಇಂಡಿ, ಬಾಗೇವಾಡಿ, ಕನ್ನೊಳ್ಳಿ ಎಂಬಂಥ ಅಡ್ಡಹೆಸರುಗಳು ಆ ಮನೆತನ ಎಲ್ಲಿಂದ ಬಂದಿತೆಂಬುದನ್ನು ಹೇಳುತ್ತವೆ. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಲ್ಲೇ ಉಳಿದವರನ್ನು ಅದೇ ಊರಿನವರು ಕನ್ನೊಳ್ಳಿಯವರೆಂದು ಬೇರ್ಪಡಿಸಿ ಕರೆಯಬೇಕಾದ ಅಗತ್ಯವಿರುವುದಿಲ್ಲ. ಒಂದು ಮನೆತನ ಅಲ್ಲಿಂದ ಕದಲಿ ಬೇರೊಂದು ಊರಿನಲ್ಲಿ ನೆಲೆಯೂರಿದ ಮೇಲಷ್ಟೇ ಸುತ್ತಲಿನವರು ಅದನ್ನು ಹಾಗೆ ಗುರುತಿಸತೊಡಗುತ್ತಾರೆ. ಹೀಗಾಗಿ ಊರಿನ ಅಡ್ಡಹೆಸರೆಂದರೆ ಬಹುಮಟ್ಟಿಗೆ ಬಿಟ್ಟುಬಂದ ಊರಿನ ದಾಖಲೆ.

ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಬಾಳಿ, ಗೆಳೆಯರೊಡನೆ ಜನಪದ ಹಾಡುಗಳನ್ನು ಸಂಗ್ರಹಿಸಿದ ಕವಿ ಮಧುರಚೆನ್ನರ ನಿಜನಾಮ ಚೆನ್ನಮಲ್ಲಪ್ಪ ಗಲಗಲಿ. ಗಲಗಲಿ ಎಂಬುದು ಕೃಷ್ಣಾ ತೀರದ ಊರು. ಸಿಂದಗಿ ತಾಲ್ಲೂಕಿನಲ್ಲಿ 1938ರಲ್ಲಿ ಹುಟ್ಟಿದ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹೆಸರಿನಲ್ಲಿ ಭೀಮೆಯಾಚೆಯ ನಗರವೊಂದು ಕುಳಿತಿತ್ತು. ವ್ಯಕ್ತಿನಾಮ, ಸ್ಥಳನಾಮಗಳ ಹುಟ್ಟು ಬೆಳವಣಿಗೆಯನ್ನು ಅರಸುವ ನಾಮವಿಜ್ಞಾನವೆಂಬ ಶಾಸ್ತ್ರದಲ್ಲಿ ಕಲಬುರ್ಗಿಯವರೇ ದುಡಿದದ್ದನ್ನು ನೆನೆದರೆ, ಈ ನೆಲದ ಮಗುವೊಂದಕ್ಕೆ ತನ್ನ ಚರಿತ್ರೆಯ ಮೊದಲ ಪಾಠ ತನ್ನ ಹೆಸರಿನಲ್ಲೇ ಸಿಗುತ್ತದೆ ಎಂಬ ಮಾತಿನ ತೂಕ ತಿಳಿಯುತ್ತದೆ.

ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ ಇರುವಾಗ, ಪುಣೆ, ಮುಂಬಯಿ, ಗೋವಾ, ಬೆಂಗಳೂರುಗಳಲ್ಲಿ ನೆಲೆಸಿದ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಒಂದು ಕಾಲದಲ್ಲಿ ತಾವು ಬಾಳಿದ ಈ ಸೀಮೆಗೆ ಬರುವುದು ಅಡ್ಡಹೆಸರಿನ ಊರಿಗೆ ಮಾಡುವ ಪಯಣವೇ ಆಗಿದೆ. ಬಿಸಿಲು 40 ಡಿಗ್ರಿ ದಾಟುವ, ಯರಿ ಭೂಮಿ ಎಂದು ಕರೆಯಲಾಗುವ ಕಪ್ಪು ಮಣ್ಣು ಅಂಗೈ ಅಗಲಕ್ಕೆ ಬಿರಿಯುವ ಈ ತಿಂಗಳುಗಳು ಪ್ರವಾಸಕ್ಕೆ ಹಿತವಾದ ಕಾಲವಲ್ಲವೆಂಬುದು ನಿಜವಾದರೂ, ಊರನ್ನು ಅರಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಹಿಂಗಾರಿ ಬಿಳಿಜೋಳದ ರಾಶಿ ಮುಗಿದು ಹೊಲಗಳು ಬರಿದಾಗಿರುವುದರಿಂದ, ಬದು ಎಲ್ಲಿ ತಿರುಗುತ್ತದೆ, ಹಳ್ಳ ಯಾವ ಕಡೆ ಇಳಿಯುತ್ತದೆ, ಯರಿ ಮುಗಿದು ಮಸಾರಿ, ಅಂದರೆ ಕೆಂಪು ಮಣ್ಣು, ಎಲ್ಲಿ ಮೊದಲಾಗುತ್ತದೆ ಎಂಬುದೆಲ್ಲ ಬೆಳೆಯ ಮರೆಯಿಲ್ಲದೆ ಕಣ್ಣಿಗೆ ಬೀಳುತ್ತದೆ.

ಈ ಕುಟುಂಬಗಳು ಹೊರಟುಹೋದದ್ದಕ್ಕೆ ಕಾರಣವನ್ನು ಬಹಳ ದೂರ ಹುಡುಕಬೇಕಿಲ್ಲ. ಮಳೆ ಕಡಿಮೆ, ಬಿದ್ದ ಮಳೆಯೂ ನಂಬಿಕೆಗೆ ಅರ್ಹವಲ್ಲ. ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ದುಡಿಮೆ ಅರಸಿ ಪರವೂರಿಗೆ ಹೋಗುವುದನ್ನು ಇಲ್ಲಿ ಗುಳೆ ಹೋಗುವುದು ಎನ್ನುತ್ತಾರೆ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ, ರಸ್ತೆಯ ಕೆಲಸಕ್ಕೆ ಎಂದು ಹೋದವರಲ್ಲಿ ಹಲವರು ಹಂಗಾಮು ಮುಗಿದೊಡನೆ ಮರಳಿದರೆ, ಕೆಲವರು ಅಲ್ಲಿಯೇ ಬೇರೂರಿದರು. 1972ರ ಸುಮಾರಿನ ಭೀಕರ ಬರವನ್ನು ಕಂಡ ತಲೆಮಾರು ಈಗ ವಿರಳವಾಗುತ್ತಿರುವುದರಿಂದ, ಊರು ಬಿಟ್ಟ ಕಾರಣವನ್ನು ಮೊಮ್ಮಕ್ಕಳಿಗೆ ನೇರವಾಗಿ ಹೇಳಬಲ್ಲ ಬಾಯಿಗಳೂ ಕಡಿಮೆಯಾಗುತ್ತಿವೆ.

ಆದರೆ ವಿಜಯಪುರ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ಇನ್ನೊಂದು ಬಗೆಯ ಕುಟುಂಬಗಳಿವೆ. ಅವು ಊರು ಬಿಟ್ಟದ್ದು ನೀರಿಲ್ಲದ್ದರಿಂದಲ್ಲ, ನೀರು ಬಂದದ್ದರಿಂದ. ಆಗಿನ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಲಿದ್ದ ಅಣೆಕಟ್ಟಿಗೆ 1964ರ ಮೇ 22ರಂದು, ಪ್ರಧಾನಿಯಾಗುವುದಕ್ಕೆ ಕೆಲವೇ ದಿನಗಳ ಮೊದಲು, ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದರು. 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು; 2006ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅಣೆಕಟ್ಟನ್ನು ನಾಡಿಗೆ ಸಮರ್ಪಿಸಿದರು. ಶಾಸ್ತ್ರಿಯವರ ಹೆಸರು ಹೊತ್ತ ಈ ಜಲಾಶಯ 123 ಟಿಎಂಸಿ, ಅಂದರೆ 12,300 ಕೋಟಿ ಘನ ಅಡಿಯಷ್ಟು ನೀರು ಹಿಡಿಯುತ್ತದೆ. ಇದರ ಮತ್ತು ಕೆಳಗಿನ ನಾರಾಯಣಪುರದ ಬಸವಸಾಗರದ ಹಿನ್ನೀರಿನಲ್ಲಿ ಎರಡೂ ದಂಡೆಗಳ ಅನೇಕ ಹಳ್ಳಿಗಳೂ ಬಾಗಲಕೋಟೆ ಪಟ್ಟಣದ ಒಂದು ಭಾಗವೂ ಹೋದವು. ಜನ ಇದನ್ನು ಮುಳುಗಡೆ ಎಂಬ ಒಂದೇ ಪದದಲ್ಲಿ ಹೇಳುತ್ತಾರೆ. ಎತ್ತರದ ನೆಲದಲ್ಲಿ ಸರ್ಕಾರ ಸಾಲುಸಾಲಾಗಿ ನಿವೇಶನ ಗುರುತಿಸಿ ಕಟ್ಟಿದ ಹೊಸ ಊರುಗಳನ್ನು ಪುನರ್ವಸತಿ ಕೇಂದ್ರ ಅಥವಾ, ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಲ್ಲಿ, ಬರಿದೆ ಆರ್‌ಸಿ ಎನ್ನುತ್ತಾರೆ.

ಹಳೆಯ ಊರಿನ ಹೆಸರೇ ಹೊಸ ಊರಿಗೂ ಹತ್ತಿಕೊಂಡಿತು, ಕೊನೆಗೆ ಆರ್‌ಸಿ ಎಂಬ ಎರಡು ಅಕ್ಷರ ಮಾತ್ರ ಸೇರಿತು. ಅಡ್ಡಹೆಸರು ವ್ಯಕ್ತಿಗೆ ಮಾಡಿದ ಕೆಲಸವನ್ನೇ ಈ ಎರಡಕ್ಷರ ಇಡೀ ಊರಿಗೆ ಮಾಡಿತು ಎನ್ನಬಹುದು. ಆದರೆ ಹೆಸರು ದಾಟಿ ಬಂದಂತೆ ಅಗಸಿ, ಅಂದರೆ ಊರ ಹೆಬ್ಬಾಗಿಲು, ದಾಟಿ ಬರಲಿಲ್ಲ. ಮಾಳಿಗೆ ಮನೆಯ ದಪ್ಪ ಗೋಡೆಗಳಾಗಲಿ, ಜೋಳ ತುಂಬಿಡಲು ನೆಲದೊಳಗೆ ತೋಡಿದ ಹಗೇವುಗಳಾಗಲಿ ಬರಲಿಲ್ಲ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಎತ್ತಿ, ಹಿನ್ನೀರು ಅದನ್ನು ಮುಚ್ಚದಂತೆ ಕಾಪಾಡಲಾಯಿತು, ಅದು ಆಗಲೇಬೇಕಾಗಿದ್ದ ಕೆಲಸ. ಸಾವಿರಾರು ಮನೆಗಳ ಹೊಸ್ತಿಲುಗಳಿಗೆ ಅಂಥ ಗೋಡೆ ಸಾಧ್ಯವಿರಲಿಲ್ಲವಾದ್ದರಿಂದ, ಅವುಗಳನ್ನು ಕಾಯುವ ಹೊಣೆ ಬಾಳಿದವರ ನೆನಪಿಗೆ ಬಿತ್ತು.

ಬೇಸಿಗೆಯಲ್ಲಿ ಕಾಲುವೆಗೆ, ಕುಡಿಯಲು, ವಿದ್ಯುತ್ತಿಗೆ ಹರಿಸಿದ ನೀರಿನಿಂದ ಜಲಾಶಯದ ಮಟ್ಟ ಇಳಿದು ಹಿನ್ನೀರು ಹಿಂದೆ ಸರಿದಾಗ, ಮುಳುಗಿದ ನೆಲದ ಅಂಚು ಮತ್ತೆ ಬಿಸಿಲಿಗೆ ತೆರೆದುಕೊಳ್ಳುತ್ತದೆ. ಎಲ್ಲೋ ಗುಡಿಯ ಕಂಬ, ಎಲ್ಲೋ ಕಟ್ಟೆಯ ಕಲ್ಲು, ಎಲ್ಲೋ ಗೋಡೆಯ ಬುನಾದಿ. ಆಗ ಹಳೇ ಊರಿಗೆ ಮಕ್ಕಳ ಕೈಹಿಡಿದು ಹೋಗುವ ಅಜ್ಜ ಆಯಿಯರು ಕೆಸರು ಒಣಗಿದ ನೆಲದ ಮೇಲೆ ಪಡಸಾಲೆ ಇದು, ದನದ ಕೊಟ್ಟಿಗೆ ಅದು ಎಂದು ಕಾಲಿನಿಂದ ಗೆರೆ ಎಳೆದು ತೋರಿಸುತ್ತಾರೆ. ಸಿಂದಗಿ ಇಂಡಿಯವರು ಬೇಸಿಗೆಯಲ್ಲಿ ಬರುವುದು ಆಗ ರಜೆ ಇರುವುದರಿಂದ; ಮುಳುಗಡೆಯವರು ಬೇಸಿಗೆಯಲ್ಲಿ ಹೋಗುವುದು ಆಗ ಮಾತ್ರ ಊರು ಇರುವುದರಿಂದ.

ಈ ಎರಡೂ ಬಗೆಯ ಕುಟುಂಬಗಳನ್ನು ಒಂದೇ ನೀರು ಬೆಸೆದಿದೆ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಅಗತ್ಯ. ಬಾಗೇವಾಡಿ, ಮುದ್ದೇಬಿಹಾಳದ ಕಡೆಯ ಊರುಗಳು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರೇ ನಾರಾಯಣಪುರ ಎಡದಂಡೆ ಕಾಲುವೆಗೂ ಅದರ ಇಂಡಿ ಶಾಖಾ ಕಾಲುವೆಗೂ ಹರಿದು, ಒಣ ಬೇಸಾಯವನ್ನಷ್ಟೇ ಅರಿತಿದ್ದ ಸಿಂದಗಿ, ಇಂಡಿ ತಾಲ್ಲೂಕುಗಳ ಹೊಲಗಳನ್ನು ಮುಟ್ಟುತ್ತಿದೆ. ಬಿಳಿಜೋಳದ ಹೊಲವಿದ್ದಲ್ಲಿ ಕಬ್ಬನ್ನು ಕಂಡು ಹಿಗ್ಗುವ ಮಗುವಿಗೆ ಆ ಹಸಿರಿನ ಹಿಂದೆ ಯಾರದೋ ಮನೆಯ ಜಂತಿ ಕಳಚಿದ್ದು ತಿಳಿದಿರಬೇಕು. ಇದು ಋಣ ಎಂಬ ಹಳೆಯ ಮಾತಿನ ಅತ್ಯಂತ ನೇರವಾದ ಅರ್ಥ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯ ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಸಮ್ಮತಿಸಿರುವುದರಿಂದ, ಅದು ಜಾರಿಗೆ ಬಂದ ದಿನ ಇನ್ನಷ್ಟು ಊರುಗಳು ಹೆಸರಿನ ಕೊನೆಗೆ ಆರ್‌ಸಿ ಸೇರಿಸಿಕೊಳ್ಳಬೇಕಾಗುತ್ತದೆ.

ಹಾಗಾದರೆ ಊರಿಗೆ ಬಂದ ಕುಟುಂಬ ಮಕ್ಕಳಿಗೆ ಏನನ್ನು ತೋರಿಸಬೇಕು? ಗೋಳಗುಮ್ಮಟವನ್ನು ಯಾವಾಗಲಾದರೂ ತೋರಿಸಬಹುದು, ಅದು ಇದ್ದೇ ಇರುತ್ತದೆ. ತೋರಿಸಬೇಕಾದದ್ದು ಹೊಲಗಳ ಹೆಸರುಗಳನ್ನು. ಪಹಣಿಯಲ್ಲಿ, ಈ ಭಾಗದ ಮಾತಿನಲ್ಲಿ ಉತಾರದಲ್ಲಿ, ಹೊಲಕ್ಕಿರುವುದು ಸರ್ವೆ ನಂಬರು ಮಾತ್ರ. ಹುಣಸಿಮರದ ಹೊಲ, ಮಡ್ಡಿ ಹೊಲ, ಹಳ್ಳದ ದಂಡಿ ಹೊಲ ಎಂಬ ಹೆಸರುಗಳು ಯಾವ ಕಚೇರಿಯಲ್ಲಿಯೂ ಇಲ್ಲ, ಹಿರಿಯರ ಬಾಯಲ್ಲಷ್ಟೇ ಇವೆ. ಮರ ಉರುಳಿದ ಮೇಲೂ ಹುಣಸಿಮರದ ಹೊಲ ಅದೇ ಹೆಸರಿನಲ್ಲಿ ಉಳಿಯುವುದು ಆ ಹೆಸರನ್ನು ಕರೆಯುವವರಿರುವವರೆಗೆ. ಕರೆಯುವವರು ಹೋದರೆ ಅದು ಬರೀ ನಂಬರು. ಬಾವಿ, ಕಟ್ಟೆ, ಓಣಿ, ಕಣಗಳ ಹೆಸರುಗಳ ಗತಿಯೂ ಇದೇ. ಒಂದು ನೋಟಬುಕ್ಕು, ಒಂದು ಪೆನ್ನು, ಅಜ್ಜನೊಡನೆ ಬೆಳಗಿನ ತಂಪಿನಲ್ಲಿ ಒಂದು ತಾಸಿನ ನಡಿಗೆ, ಇಷ್ಟರಲ್ಲಿ ಒಂದು ಊರಿನ ಹೆಸರುಗಳನ್ನು ಬರೆದಿಡಲು ತೊಡಗಬಹುದು. ಮೊಬೈಲಿನಲ್ಲಿ ಅಜ್ಜನ ಧ್ವನಿಯನ್ನೇ ಹಿಡಿದಿಟ್ಟರೆ ಇನ್ನೂ ಮೇಲು.

ಈ ಕೆಲಸಕ್ಕೆ ಇರುವ ಕಾಲ ಮಾತ್ರ ಬಹಳ ಚಿಕ್ಕದು. ಜೂನ್ ಮೊದಲಿಗೆ ಶಾಲೆಗಳ ಗಂಟೆ ಬಾರಿಸುತ್ತದೆ, ಪುಣೆ ಮುಂಬಯಿಯ ಬಸ್ಸುಗಳು ತುಂಬುತ್ತವೆ. ಮಹಾಬಳೇಶ್ವರದ ಸುತ್ತ ಮುಂಗಾರು ಹಿಡಿದು ಕೃಷ್ಣೆಗೆ ಹೊಸ ನೀರು ಇಳಿದರೆ, ಕೆಲವೇ ವಾರಗಳಲ್ಲಿ ಹಿನ್ನೀರು ಮತ್ತೆ ಮೇಲೇರಿ ಹಳೇ ಊರಿನ ಕಟ್ಟೆಯನ್ನು ಮುಚ್ಚುತ್ತದೆ. ಆಮೇಲೆ ಅಲ್ಲಿಗೆ ಹೋಗಲು ಮುಂದಿನ ಬೇಸಿಗೆಯವರೆಗೆ ದಾರಿಯಿಲ್ಲ.