ಮಾರ್ಗ, ದೇಶಿ ಮತ್ತು ಸೈಕಲ್ಲು

ಪ್ರವಾಸವೆಂದರೆ ಮೋಟಾರು ಏರುವುದು, ಊರು ಬಂದಾಗ ಇಳಿಯುವುದು, ನೋಡಿದೆವೆಂದು ಹೇಳಿಕೊಳ್ಳುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಶಾಲೆಯ ಮಕ್ಕಳ ವಾರ್ಷಿಕ ಪ್ರವಾಸವನ್ನೇ ತೆಗೆದುಕೊಳ್ಳಿ. ರಾತ್ರಿ ಬಸ್ಸು ಹೊರಡುತ್ತದೆ. ಮೂರು ದಿನಗಳಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರು, ಎಲ್ಲವೂ ಮುಗಿಯುತ್ತದೆ. ಮರಳಿ ಬಂದ ಹುಡುಗ ಮೈಸೂರು ಅರಮನೆಯ ದೀಪಗಳನ್ನು ಸೊಗಸಾಗಿ ವರ್ಣಿಸುತ್ತಾನೆ. ಮೂಡಬಿದಿರೆಯ ಚೌಟರ ಅರಮನೆಯಲ್ಲಿ ಏನಿದೆ ಹೇಳಪ್ಪಾ ಎಂದರೆ ತಲೆ ಕೆರೆದುಕೊಳ್ಳುತ್ತಾನೆ. ಒಂಬತ್ತು ಸ್ತ್ರೀಯರು ಕೂಡಿ ಆನೆಯಾಗಿರುವ ನವನಾರೀಕುಂಜರವನ್ನು ಅಲ್ಲಿನ ಮರದ ಕಂಬದಲ್ಲಿ ಕೆತ್ತಿದ್ದಾರೆಂಬುದು ಅವನಿಗೆ ತಿಳಿಯದು. ತಪ್ಪು ಹುಡುಗನದಲ್ಲ. ಅವನನ್ನು ಆ ದಾರಿಯಲ್ಲಿ ನಿಧಾನವಾಗಿ ಕರೆದುಕೊಂಡು ಹೋದವರಿಲ್ಲ, ಅಷ್ಟೇ.

ನಿಧಾನವಾಗಿ ಕರೆದುಕೊಂಡು ಹೋಗುವ ಪದ್ಧತಿಯೊಂದು ಯೂರೋಪಿನಲ್ಲಿ ಬಹುವಾಗಿ ಬೆಳೆದಿದೆ. ಫ್ರಾನ್ಸು, ಇಟಲಿಗಳ ದ್ರಾಕ್ಷಿಯ ಸೀಮೆಗಳಲ್ಲಿಯೂ ಆಲ್ಪ್ಸ್ ಪರ್ವತಗಳ ಕಣಿವೆಗಳಲ್ಲಿಯೂ ಹತ್ತು ಹನ್ನೆರಡು ಮಂದಿ ಕೂಡಿ ಸೈಕಲ್ಲಿನಲ್ಲಿ ಹೊರಡುತ್ತಾರೆ. ಜೊತೆಗೆ ಆ ಸೀಮೆಯನ್ನು ಬಲ್ಲ ಒಬ್ಬ ಮಾರ್ಗದರ್ಶಿ. ಹಿಂದಿನಿಂದ ಗಂಟುಮೂಟೆ ಹೊತ್ತ ಒಂದು ವ್ಯಾನು. ಹಗಲೆಲ್ಲ ಸವಾರಿ, ಸಂಜೆಗೆ ಯಾವುದಾದರೊಂದು ಹಳ್ಳಿಯ ಛತ್ರದಲ್ಲಿ ಊಟ, ಆ ಊರಿನ ದ್ರಾಕ್ಷಾರಸದ ರುಚಿ, ವಿಶ್ರಾಂತಿ. 1903ರಲ್ಲಿ ಆರಂಭವಾದ ಫ್ರಾನ್ಸಿನ ದೊಡ್ಡ ಸೈಕಲ್ ಪಂದ್ಯದವರು ಏರುವ ಬೆಟ್ಟಗಳನ್ನು ಸಾಮಾನ್ಯರೂ ತಮ್ಮ ತಮ್ಮ ಶಕ್ತಿಯಂತೆ ಏರುತ್ತಾರೆ. ಆಲ್ಪ್ ದ್ಯುಯೆಜ್ ಎಂಬ ಏರಿನಲ್ಲಿ 13.8 ಕಿಲೋಮೀಟರಿನೊಳಗೆ 21 ತಿರುವುಗಳು. ನಮ್ಮ ಕಡೆಯಲ್ಲಿಯೂ ಇದರ ಗಾಳಿ ಬೀಸಿದೆ. ಭಾನುವಾರದ ಮುಂಜಾನೆ ಬೆಂಗಳೂರಿನವರು ಸೈಕಲ್ ತುಳಿದು ನಂದಿಬೆಟ್ಟ ಏರುತ್ತಾರೆ. ಆ ಸೀಮೆಯೂ ದ್ರಾಕ್ಷಿ ತೋಟಗಳದ್ದೇ. 2008ರಿಂದ ಕರ್ನಾಟಕದಿಂದ ನೀಲಗಿರಿಗೆ ಸೈಕಲ್ ಯಾತ್ರೆಗಳು ನಡೆದಿವೆ. ಮಸಿನಗುಡಿಯಿಂದ ಉದಕಮಂಡಲಕ್ಕೆ ಹೋಗುವ ಕಲ್ಲಹಟ್ಟಿಯ 36 ತಿರುವುಗಳು ಸವಾರರ ಬಾಯಲ್ಲಿ ಪ್ರಸಿದ್ಧವಾಗಿವೆ.

ಹಾಗಾದರೆ ಬಂಟ್ವಾಳ, ಮೂಡಬಿದಿರೆ, ಬೆಳ್ತಂಗಡಿಗಳ ಈ ತ್ರಿಕೋನವೇನು ಕಡಿಮೆ? ಒಂದು ಕಡೆ ನದಿ, ಒಂದು ಕಡೆ ಬಸದಿಗಳು, ಒಂದು ಕಡೆ ಘಟ್ಟ. ಮೂರನ್ನೂ ಸುತ್ತಿ ಹೊರಟಲ್ಲಿಗೇ ಮರಳಿದರೆ ಹೆಚ್ಚು ಕಡಮೆ ನೂರು ಕಿಲೋಮೀಟರು. ಮೂರು ದಿನಗಳ ಸವಾರಿಗೆ ಇದಕ್ಕಿಂತ ಹಿತವಾದ ಅಳತೆ ಬೇರೆ ಬೇಕಿಲ್ಲ. ಇಲ್ಲಿ ದ್ರಾಕ್ಷಿ ಬೆಳೆಯುವುದಿಲ್ಲವೆಂದು ನೀವು ಹೇಳಬಹುದು. ಬಳ್ಳಿಗೆ ಬಳ್ಳಿ ನಮ್ಮಲ್ಲಿಯೂ ಉಂಟು: ಅಡಿಕೆಯ ಮರವನ್ನಪ್ಪಿದ ಕಾಳುಮೆಣಸು, ವೀಳ್ಯದೆಲೆ. ದ್ರಾಕ್ಷಾರಸದ ಕೆಂಪೂ ನಮ್ಮಲ್ಲಿದೆ. ಪುನರ್ಪುಳಿಯ ಪಾನಕವನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಕುಡಿದ ಮೇಲೆ ಸೈಕಲ್ಲು ಓಲಾಡುವ ಭಯವಂತೂ ಇಲ್ಲ.

ಆದರೆ ಈ ಸವಾರಿಗೆ ಯಾವ ದಾರಿ ಹಿಡಿಯಬೇಕೆಂಬುದು ಮುಖ್ಯ ಪ್ರಶ್ನೆ. ನಮ್ಮ ಕಾವ್ಯಮೀಮಾಂಸೆಯಲ್ಲಿ ಮಾರ್ಗ, ದೇಶಿ ಎಂಬ ಎರಡು ಮಾತುಗಳಿವೆ. ಸಂಸ್ಕೃತದ ಜಾಡಿನಲ್ಲಿ ಸಾಗುವ ಪ್ರೌಢವಾದ ರೀತಿ ಮಾರ್ಗ. ನಾಡಿನ ನುಡಿಯಲ್ಲೇ ಹುಟ್ಟಿ ಬೆಳೆದ ಬೆಡಗು ದೇಶಿ. ಹತ್ತನೆಯ ಶತಮಾನದ ಪಂಪ ಇವೆರಡನ್ನೂ ಹೊಂದಿಸಿ ನಡೆದದ್ದರಿಂದಲೇ ದೊಡ್ಡ ಕವಿಯಾದ. ನಮ್ಮ ಕರಾವಳಿಯ ಜನ ಡಾಂಬರು ರಸ್ತೆಯನ್ನು ‘ಮಾರ್ಗ’ ಎಂದೇ ಕರೆಯುವುದು ನಿಮಗೆ ಗೊತ್ತು. ಸೈಕಲ್ಲಿನವನಿಗೂ ಈ ವಿವೇಕ ಬೇಕು. ಹೆದ್ದಾರಿಯೆಂಬ ಮಾರ್ಗದಲ್ಲಿ ಲಾರಿ ಬಸ್ಸುಗಳ ಆರ್ಭಟ. ಅಲ್ಲಿ ಕಣ್ಣು ಹಿಂದಿನ ಹಾರನ್ನಿನ ಮೇಲೆಯೇ ಹೊರತು ಗದ್ದೆ ತೋಟಗಳ ಮೇಲಿರುವುದಿಲ್ಲ. ಎಲ್ಲಿ ಮಾರ್ಗವನ್ನು ಬಿಟ್ಟು ದೇಶಿಯನ್ನು ಹಿಡಿಯಬೇಕು, ಎಲ್ಲಿ ವಿಧಿಯಿಲ್ಲದೆ ಮತ್ತೆ ಮಾರ್ಗಕ್ಕೆ ಬರಬೇಕು ಎಂಬುದನ್ನು ಬಲ್ಲವನೇ ನಿಜವಾದ ಮಾರ್ಗದರ್ಶಿ.

ಮೊದಲ ದಿನ ಬಂಟ್ವಾಳದಿಂದ ಹೊರಡೋಣ. ‘ಕವಿಶಿಷ್ಯ’ರೆನಿಸಿದ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ ಊರು ಇದು. ನೇತ್ರಾವತಿಯ ದಂಡೆಯ ಪೇಟೆಯಲ್ಲಿ ಹಿರಿಯರು ಇಂದಿಗೂ 1974ರ ನೆರೆಯ ಮಾತನ್ನು ಆಡುತ್ತಾರೆ. ಸೂರ್ಯ ಏರುವ ಮೊದಲೇ ಪೇಟೆ ಬಿಟ್ಟು ಸಿದ್ಧಕಟ್ಟೆಯ ದಾರಿ ಹಿಡಿದರೆ ಮೂಡಬಿದಿರೆಗೆ ಮೂವತ್ತು ಕಿಲೋಮೀಟರಿನೊಳಗಿನ ಹಾದಿ. ಇಲ್ಲಿನ ಏರುಗಳು ದೊಡ್ಡವಲ್ಲ. ಆದರೆ ಒಂದು ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದು. ಇಳಿದಲ್ಲಿ ಗದ್ದೆ, ಏರಿದಲ್ಲಿ ಮುರಕಲ್ಲಿನ ಗುಡ್ಡ, ನಡುವಿನ ತಗ್ಗಿನಲ್ಲಿ ಅಡಿಕೆ ತೋಟ. ಮೋಟಾರಿನಲ್ಲಿ ಕುಳಿತವನಿಗೆ ಇದೆಲ್ಲ ಹಸುರಿನ ಒಂದು ಗೆರೆ. ತುಳಿಯುವವನ ಕಾಲುಗಳಿಗೆ ಮಾತ್ರ ಊರಿನ ಉಬ್ಬುತಗ್ಗು ಚೆನ್ನಾಗಿ ಅರ್ಥವಾಗುತ್ತದೆ.

ಸಂಜೆಯನ್ನು ಮೂಡಬಿದಿರೆಗೆ ಮೀಸಲಿಡಬೇಕು. ಮೂಡು ಎಂದರೆ ಪೂರ್ವ, ಬಿದಿರೆ ಎಂಬಲ್ಲಿ ಬಿದಿರು ಇದೆ. ಹದಿನೆಂಟು ಬಸದಿಗಳ ಈ ಜೈನಕಾಶಿಯಲ್ಲಿ 1430ರ ಸಾವಿರ ಕಂಬದ ಬಸದಿಯನ್ನು ನೋಡದವರಿಲ್ಲ. ಅದರ ಕಂಬಗಳನ್ನು ಒಂದೊಂದಾಗಿ, ಅವಸರವಿಲ್ಲದೆ ನೋಡಿದವರು ಮಾತ್ರ ವಿರಳ. ಭರತೇಶವೈಭವವನ್ನು ಬರೆದ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ಬಾಳಿದ್ದು ಈ ಊರಿನಲ್ಲಿಯೇ.

ಎರಡನೆಯ ದಿನ ವೇಣೂರಿನ ದಾರಿ. ಫಲ್ಗುಣಿ ನದಿಯ ದಡದಲ್ಲಿ ಮೂವತ್ತೈದು ಅಡಿಗೂ ಮಿಕ್ಕ ಬಾಹುಬಲಿ ನಿಂತಿದ್ದಾನೆ. 1604ರಲ್ಲಿ ವೀರ ತಿಮ್ಮಣ್ಣಾಜಿಲ ನಿಲ್ಲಿಸಿದ ಮೂರ್ತಿ. 2024ರಲ್ಲಿ ಇಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಬಂದವರಿಗೆ ಲೆಕ್ಕವಿಲ್ಲ. ಆದರೆ ಸಾಮಾನ್ಯ ದಿನದ ಬೆಳಗಿನಲ್ಲಿ, ಸೈಕಲ್ಲನ್ನು ಗೋಡೆಗೆ ಒರಗಿಸಿ ಅವನ ಮುಂದೆ ಒಂದು ಗಳಿಗೆ ಸುಮ್ಮನೆ ನಿಲ್ಲುವುದರ ಸುಖವೇ ಬೇರೆ. ಅಲ್ಲಿಂದ ಗುರುವಾಯನಕೆರೆ, ಮುಂದೆ ಬೆಳ್ತಂಗಡಿ. ಉತ್ತರಕ್ಕೆ ತಲೆಯೆತ್ತಿ ನೋಡಿದರೆ ಗಡಾಯಿಕಲ್ಲು. ಒಂದೇ ಬಂಡೆಯೆಂಬಂತೆ ಎದ್ದು ನಿಂತ ಈ ಬೆಟ್ಟದ ಮೇಲೆ ಟಿಪ್ಪು ಸುಲ್ತಾನ 1794ರಲ್ಲಿ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಕರೆದ.

ಇದೇ ಸೀಮೆಯಲ್ಲಿ 1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಸಂಚರಿಸಿದ. ಕಂಪೆನಿ ಸರಕಾರ ಅವನನ್ನು ನಾಡಿನ ಸ್ಥಿತಿಯನ್ನು ತಿಳಿದು ಬರಲು ಕಳುಹಿಸಿತ್ತು. ಜಮಾಲಾಬಾದ್, ವೇಣೂರು, ಮೂಡಬಿದಿರೆಗಳನ್ನು ಹಾದು ಕಾರ್ಕಳಕ್ಕೆ ಹೋದ ಅವನು ಯಾವ ಭೂಮಿಯಲ್ಲಿ ಏನು ಬೆಳೆ, ಯಾರ ಆಚಾರವೇನು ಎಂದು ಊರೂರಲ್ಲಿ ಕೇಳಿ ಬರೆದಿಟ್ಟ. 1807ರಲ್ಲಿ ಅಚ್ಚಾದ ಆ ಗ್ರಂಥ ಇಂದಿಗೂ ಚರಿತ್ರಕಾರರಿಗೆ ಬೇಕು. ಅವನ ದೃಷ್ಟಿ ಕಂಪೆನಿಯವನ ದೃಷ್ಟಿ, ಸಂದೇಹವಿಲ್ಲ. ಆದರೂ ಅಷ್ಟು ಸಂಗತಿ ಅವನ ಕಣ್ಣಿಗೆ ಬಿದ್ದದ್ದು ಏಕೆ? ಒಂದು, ಅವನ ಪ್ರಯಾಣ ನಿಧಾನದ್ದು. ಇನ್ನೊಂದು, ಊರವರನ್ನು ಕೇಳದೆ ಅವನು ಮುಂದೆ ಹೋಗಲಿಲ್ಲ.

ಮೂರನೆಯ ದಿನ ಘಟ್ಟದ ಕಡೆಗೆ. ಉಜಿರೆ, ಮುಂಡಾಜೆ, ಕಕ್ಕಿಂಜೆ ದಾಟಿದರೆ ಚಾರ್ಮಾಡಿ. ಬಲವುಳ್ಳವರು ಹನ್ನೊಂದು ಹೇರ್‌ಪಿನ್ ತಿರುವುಗಳನ್ನು ಏರಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲಿ. ಅಲ್ಲಿಂದ ಮುಂದೆ ಕಾಫಿಯ ಸೀಮೆ. ಉಳಿದವರು ಬುಡದಲ್ಲಿಯೇ ನಿಂತು ಘಟ್ಟವನ್ನು ನೋಡಿ ಮರಳಿದರೆ ಮಾನವೇನೂ ಹೋಗುವುದಿಲ್ಲ. 2019ರ ಆಗಸ್ಟಿನಲ್ಲಿ ಇದೇ ಘಟ್ಟ ಅಲ್ಲಲ್ಲಿ ಕುಸಿದು ರಸ್ತೆ ಮುಚ್ಚಿಹೋಗಿತ್ತು. ಬುಡದಲ್ಲಿ ಹರಿಯುವ ಮೃತ್ಯುಂಜಯ ಹೊಳೆ ಉಕ್ಕಿ ತೋಟಗಳಿಗೆ ಮರಳು ತುಂಬಿತು. ಆದುದರಿಂದ ಮಳೆಗಾಲದಲ್ಲಿ ಈ ಕಡೆ ಸವಾರಿಯ ಮಾತೇ ಬೇಡ. ನವರಾತ್ರಿ ಕಳೆದು ಮಳೆ ನಿಂತ ಮೇಲೆ ಶಿವರಾತ್ರಿಯವರೆಗಿನ ಕಾಲವೇ ಸರಿ. ಕಂಬಳದ ಕಾಲವೂ ಅದೇ. ಏರುವಾಗ ಸಣ್ಣ ಗೇರು, ಸಣ್ಣ ಉಸಿರು. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡೇ ಇರಬಾರದು. ಕಾದು ಹಿಡಿತ ತಪ್ಪುತ್ತದೆ. ಎರಡು ಬ್ರೇಕುಗಳನ್ನೂ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ತಲೆಗೆ ಹೆಲ್ಮೆಟ್ ಇಲ್ಲದವನನ್ನು ಮಾರ್ಗದರ್ಶಿ ಸೈಕಲ್ ಹತ್ತಗೊಡಬಾರದು. ಬೆಳ್ತಂಗಡಿಯಿಂದ ಮಡಂತ್ಯಾರು, ಪುಂಜಾಲಕಟ್ಟೆಗಳ ಮೇಲೆ ಬಂಟ್ವಾಳಕ್ಕೆ ಮರಳುವ ದಾರಿ ಹೆದ್ದಾರಿ. ಅಲ್ಲಿ ಸಾಲಾಗಿ, ಒಬ್ಬರ ಹಿಂದೊಬ್ಬರು. ದಣಿದವರು ಹಿಂದಿನ ವ್ಯಾನಿನಲ್ಲಿ. ಇದನ್ನು ಅವಮಾನವೆಂದು ಎಣಿಸಬಾರದು.

ಮಾರ್ಗದರ್ಶಿ ಯಾರಾಗಬೇಕು? ಮುಂದೆ ನುಗ್ಗಿ ಹೋಗಿ ಗುಡ್ಡದ ತುದಿಯಲ್ಲಿ ಕೈಕಟ್ಟಿ ನಿಲ್ಲುವವನಲ್ಲ. ತಂಡದಲ್ಲಿ ಎಲ್ಲರಿಗಿಂತ ನಿಧಾನದವನ ನಡೆಯೇ ತಂಡದ ನಡೆಯೆಂದು ತಿಳಿದು ಅವನ ಜೊತೆಗೆ ಬರುವವನು. ಪಾಠ ಹೇಳುವವರಿಗೂ ಇದೇ ಧರ್ಮ. ಟ್ಯೂಬಿಗೆ ತೇಪೆ ಹಾಕಲು ಅವನಿಗೆ ಬರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬೇಲಿಯ ಹೊರಗೆ ನಿಂತು ‘ಅಕ್ಕಾ, ಸ್ವಲ್ಪ ನೀರು ಕೊಡುವಿರಾ?’ ಎಂದರೆ ಒಳಗಿನಿಂದ ‘ಬಲೆ, ಕುಲ್ಲುಲೆ’ ಎಂಬ ಉತ್ತರ ಬರುವಂಥವನಾಗಬೇಕು. ನೀರಿನ ಜೊತೆಗೆ ಬೆಲ್ಲದ ತುಂಡು ಬರುತ್ತದೆ. ಒಮ್ಮೊಮ್ಮೆ ಸೀಯಾಳವೇ ಬರುತ್ತದೆ. ಆ ಚಾವಡಿಯಲ್ಲಿ ಕುಳಿತ ಕಾಲು ಗಂಟೆಯನ್ನು ಯಾವ ಪ್ರವಾಸದ ಕಂಪೆನಿಯೂ ಮಾರಲಾರದು.

ಅಂಥವನು ಏನು ಹೇಳಬಲ್ಲನೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ನಮ್ಮ ಕೃಷಿಕರು ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಸೇರಿಸಿ ಗೊನೆಗಳಿಗೆ ಸಿಂಪಡಿಸುತ್ತಾರೆ. ಇದಕ್ಕೆ ಬೋರ್ಡೋ ದ್ರಾವಣವೆಂದು ಹೆಸರು. ಬೋರ್ಡೋ ಎಂದರೇನು? ಫ್ರಾನ್ಸಿನಲ್ಲಿ ದ್ರಾಕ್ಷಾರಸಕ್ಕೆ ಹೆಸರಾದ ಸೀಮೆ. ಅಲ್ಲಿನ ಬಳ್ಳಿಗಳಿಗೆ ಬೂಷ್ಟುರೋಗ ತಗುಲಿದಾಗ ಮಿಲಾರ್ದೆ ಎಂಬ ವಿದ್ವಾಂಸ 1885ರಲ್ಲಿ ಈ ಮದ್ದನ್ನು ಲೋಕಕ್ಕೆ ತಿಳಿಸಿದ. ಮುಂದೆ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ ಅಡಿಕೆಗೂ ಈ ಮದ್ದು ಆಗುತ್ತದೆಂದು ತೋರಿಸಿಕೊಟ್ಟ. ನೋಡಿ, ದ್ರಾಕ್ಷಿಯ ಸೀಮೆಗೂ ನಮ್ಮ ಸಿದ್ಧಕಟ್ಟೆಯ ತೋಟಕ್ಕೂ ನೆಂಟಸ್ತಿಕೆ ಎಷ್ಟು ಹಳೆಯದು! ಬೋರ್ಡೋವಿನಿಂದಲೇ ಬಂದ ಅತಿಥಿಯೊಬ್ಬನನ್ನು ಆ ತೋಟದ ಅಂಚಿನಲ್ಲಿ ನಿಲ್ಲಿಸಿ ಇದನ್ನು ಹೇಳಿದರೆ ಅವನು ಜನ್ಮದಲ್ಲಿ ಮರೆಯುವನೆ? ಆದರೆ ಹೇಳಬಲ್ಲವನು ತೋಟದ ಮನೆಯಲ್ಲಿ ಬೆಳೆದ ಹುಡುಗನೇ ಹೊರತು ದೂರದ ನಗರದಿಂದ ನಕ್ಷೆ ಹಿಡಿದು ಬಂದವನಲ್ಲ.

ಈ ಹುಡುಗರು ಎಲ್ಲಿದ್ದಾರೆ? ನಾನು ಈ ಮಾತನ್ನು ಎತ್ತಿಕೊಂಡದ್ದೇ ಆ ಪ್ರಶ್ನೆಗಾಗಿ. 2006-07ರಲ್ಲಿ ಆರಂಭವಾದ ಸರಕಾರದ ಯೋಜನೆಯಿಂದ ಎಂಟನೆಯ ತರಗತಿಯ ಮಕ್ಕಳು ವರ್ಷ ವರ್ಷವೂ ಸೈಕಲ್ ಪಡೆದರು. ಎಷ್ಟೋ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಶಾಲೆ ಹತ್ತಿರವಾಯಿತು. ಆ ಮಕ್ಕಳು ಬೆಳೆದರು. ಓದು ಮುಗಿದೊಡನೆ ಬೆಂಗಳೂರಿಗೋ ಮುಂಬಯಿಗೋ ಕೊಲ್ಲಿಯ ನಾಡಿಗೋ ಹೋದರು. ಸೈಕಲ್ಲು ಹಟ್ಟಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದೆ. ಚಾವಡಿಯಲ್ಲಿ ಅಜ್ಜ ಅಜ್ಜಿ ಇಬ್ಬರೇ. ಸೈಕಲ್ ಪ್ರವಾಸವೊಂದರಿಂದ ಇದೆಲ್ಲ ತಿರುಗಿ ಬರುತ್ತದೆಂದು ಹೇಳುವಷ್ಟು ಭೋಳೆತನ ನನಗಿಲ್ಲ. ಆದರೆ ಊರಿಗೆ ಐದಾರು ತರುಣರು ಮಾರ್ಗದರ್ಶಿಗಳಾಗಿ ನಿಂತರೆ, ಒಬ್ಬಾತ ಸೈಕಲ್ ರಿಪೇರಿಗೆ ಕುಳಿತರೆ, ನಾಲ್ಕು ಮನೆಗಳು ಅತಿಥಿಗೊಂದು ಕೋಣೆ, ಎರಡು ಹೊತ್ತಿನ ಗಂಜಿಯೂಟ ಕೊಟ್ಟರೆ, ದುಡಿಮೆ ಊರಿನಲ್ಲಿಯೇ ಉಳಿಯುತ್ತದೆ. ಊರಿನ ಕತೆಯೂ ಊರವರ ಬಾಯಲ್ಲಿಯೇ ಉಳಿಯುತ್ತದೆ. ನಾವು ಮಾಡದಿದ್ದರೆ ಹೊರಗಿನ ದುಡ್ಡುಳ್ಳವರು ಮಾಡಿಯಾರು. ಆಗ ನಮ್ಮ ಮಕ್ಕಳಿಗೆ ಉಳಿಯುವುದು ಗೇಟು ಕಾಯುವ ಕೆಲಸ.

ಸೈಕಲ್ಲೆಂದರೆ ಬಡವನ ವಾಹನವೆಂದು ಮೂಗು ಮುರಿಯುವವರಿದ್ದಾರೆ. ಅಂಚೆಯವನೂ ಮೀನಿನವನೂ ಅದನ್ನೇ ತುಳಿದು ಸಂಸಾರ ಸಾಕಿದ್ದು ನಿಜ. ಅವರಿಗೆ ಪ್ರತಿ ಮನೆಯ ನಾಯಿಯ ಹೆಸರೂ ಗೊತ್ತಿತ್ತೆಂಬುದೂ ಅಷ್ಟೇ ನಿಜ. ಬೆವರು ಸುರಿಸುವುದು ವಿರಾಮವೆ ಎಂದು ಕೇಳುವವರಿಗೆ ಒಂದೇ ಉತ್ತರ: ಏರಿನ ತುದಿಯಲ್ಲಿ ಬೀಸುವ ಗಾಳಿಗೆ ಎದೆಯೊಡ್ಡಿ ನೋಡಿ.

ಮೊದಲ ಹೆಜ್ಜೆ ದೊಡ್ಡದಾಗಬೇಕಿಲ್ಲ. ಹಟ್ಟಿಯ ಮೂಲೆಯಿಂದ ಸೈಕಲ್ಲನ್ನು ಹೊರಗೆ ತೆಗೆಯಿರಿ. ಚೈನಿಗೆ ಎಣ್ಣೆ ಬಿಡಿ, ಬ್ರೇಕಿನ ರಬ್ಬರು ಬದಲಾಯಿಸಿ, ಟಯರಿಗೆ ಗಾಳಿ ತುಂಬಿ. ಬರುವ ಭಾನುವಾರ ಬೆಳಗ್ಗೆ ಮನೆಯ ಮಕ್ಕಳೊಡನೆ ಹತ್ತೇ ಕಿಲೋಮೀಟರು, ಹೆದ್ದಾರಿಯನ್ನು ಬಿಟ್ಟು, ನೀವು ಈವರೆಗೆ ಹೋಗದ ಒಂದು ಒಳದಾರಿಯಲ್ಲಿ ಹೋಗಿಬನ್ನಿ. ದಾರಿ ಕೇಳಲು ಸಂಕೋಚಪಡಬೇಡಿ. ಹೇಳುವವರು ಬೇಲಿಯ ಬದಿಯಲ್ಲಿಯೇ ಇರುತ್ತಾರೆ.