ಆ ಕಡೆ ಯಾರಿದ್ದಾರೆ? ಸ್ಮಾರ್ಟ್‌ವಾಚ್ ಎಲ್ಲರ ವಾಚು ಆಗೋದು ಯಾವಾಗ

ಹೋದ ತಿಂಗಳು ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮೊಬೈಲ್ ಅಂಗಡೀಲಿ ಫೋನಿಗೆ ಗ್ಲಾಸ್ ಹಾಕಿಸ್ಕೊಳ್ತಾ ನಿಂತಿದ್ದೆ. ಪಕ್ಕದಲ್ಲಿ ಐವತ್ತರ ಆಸುಪಾಸಿನ ಒಬ್ಬ ತಾಯಿ, ಜೊತೆಗೆ ಮಗಳು. ಗಾಜಿನ ಕೆಳಗೆ ಸಾಲಾಗಿ ಸ್ಮಾರ್ಟ್‌ವಾಚುಗಳು, ಸಾವಿರದಿಂದ ಎರಡು ಸಾವಿರದ ಒಳಗಿನವು.

"ಏನಪ್ಪಾ, ಇದ್ರಲ್ಲಿ ಬೀಪಿ ತೋರಿಸ್ತದಾ?"

"ಎಲ್ಲಾ ತೋರಿಸ್ತದೆ ಅಮ್ಮಾ. ಬೀಪಿ, ಶುಗರ್ರು, ಹಾರ್ಟು, ಆಕ್ಸಿಜನ್ನು."

ಆಯಮ್ಮನ ಯಜಮಾನರು ಮಗ್ಗದ ಶೆಡ್ಡಿನಲ್ಲಿ ರಾತ್ರಿ ಪಾಳಿ ಮಾಡ್ತಾರಂತೆ. ಟೀವಿಯಲ್ಲಿ ಹಾರ್ಟ್ ಅಟ್ಯಾಕ್ ಸುದ್ದಿ ನೋಡಿ ನೋಡಿ ಮನೇಲಿ ಭಯ. ಎರಡು ನಿಮಿಷದಲ್ಲಿ ವಾಚು ಡಬ್ಬಿ ಸೇರಿತು, ದುಡ್ಡು ಗಲ್ಲಾ ಸೇರಿತು. ನಾನು ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ಆಮೇಲೆ ಅಂಗಡಿ ಹೊರಗೆ ತಾಯಿ ಮಗಳನ್ನ ಮಾತಾಡಿಸಿದೆ, ಆ ಮಾತಿಗೆ ಕೊನೇಲಿ ಬರ್ತೀನಿ.

ಸ್ಮಾರ್ಟ್‌ವಾಚು ಶೋಕಿಯ ವಸ್ತುವಾಗೇ ಉಳಿಯುತ್ತಾ, ಎಲ್ಲರ ವಾಚು ಆಗುತ್ತಾ ಅಂತ ಕೇಳೋರಿಗೆ ನಾನು ಮೊದಲು ತೋರಿಸೋದು ಆ ಗಾಜಿನ ಪೆಟ್ಟಿಗೇನೇ. ಕೈ ತಲುಪೋ ಕೆಲಸ ಆಗಿಹೋಗಿದೆ. ಹೊಸಕೋಟೆ ಸಂತೆಗೆ ಬರೋ ಹುಡುಗರ ಕೈಯಲ್ಲಿದೆ, ನೆಲಮಂಗಲದ ಆಟೋ ಡ್ರೈವರ್ ಕೈಯಲ್ಲಿದೆ. ಮಾರುಕಟ್ಟೆ ಲೆಕ್ಕ ಇಡೋ ಐಡಿಸಿ ಸಂಸ್ಥೆ ಪ್ರಕಾರ 2023ರಲ್ಲಿ ಭಾರತದಲ್ಲಿ ಕಂಪನಿಗಳು ಅಂಗಡಿಗಳಿಗೆ ಕಳಿಸಿದ ಸ್ಮಾರ್ಟ್‌ವಾಚು 5 ಕೋಟಿಗೂ ಹೆಚ್ಚು. ಮಾರನೇ ವರ್ಷ, 2024ರಲ್ಲಿ, ಅದು ಸುಮಾರು ಮೂರೂವರೆ ಕೋಟಿಗೆ ಬಿತ್ತು. ಒಂದೇ ವರ್ಷದಲ್ಲಿ ಮೂರರಲ್ಲಿ ಒಂದು ಭಾಗ ಮಾಯ. ಅದೇ ಹೊತ್ತಲ್ಲಿ ಟೈಟಾನ್ ಕಂಪನಿಯ ಮುಳ್ಳಿನ ವಾಚುಗಳ ಮಾರಾಟ ಏರಿತು, ಸ್ಮಾರ್ಟ್‌ವಾಚಿನದ್ದು ಇಳಿಯಿತು.

ಅಂದ್ರೆ ಜನ ಕೊಂಡರು, ಕಟ್ಟಿದರು, ಬಿಚ್ಚಿಟ್ಟರು. ಇನ್ನೊಂದು ಕೊಳ್ಳೋಕೆ ಕಾರಣ ಸಿಗಲಿಲ್ಲ. ನಿಮ್ಮ ಮನೆ ಶೋಕೇಸಿನ ಡ್ರಾಯರ್ ಎಳೆದು ನೋಡಿ, ಚಾರ್ಜರ್ ಕಳೆದುಹೋಗಿರೋ ಒಂದು ವಾಚು ಸಿಕ್ಕರೂ ಸಿಗಬಹುದು.

ಯಾಕೆ ಹೀಗಾಯ್ತು? "ದಿನಾ ಚಾರ್ಜ್ ಮಾಡೋ ರಗಳೆ ಯಾರಿಗೆ ಬೇಕು" ಅಂತ ಬಹಳ ಜನ ಹೇಳ್ತಾರೆ. ಈ ಮಾತನ್ನ ನಾನು ಒಪ್ಪಲ್ಲ. ಯಾಕೆ ಅಂತ ತಿಳಿಯೋಕೆ ತುಮಕೂರು ರಸ್ತೆಗೆ ಬರಬೇಕು.

ಬೆಂಗಳೂರಿಂದ ಹೊರಟ್ರೆ ಮೊದಲು ಜಾಲಹಳ್ಳಿ, ಆಮೇಲೆ ನೆಲಮಂಗಲ, ದಾಬಸ್‌ಪೇಟೆ, ಆಮೇಲೆ ತುಮಕೂರು. ಈ ದಾರಿಯ ಆ ತುದಿಗೊಂದು ಈ ತುದಿಗೊಂದು ಎಚ್‌ಎಂಟಿ ವಾಚ್ ಕಾರ್ಖಾನೆ ಇತ್ತು. ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1961ರಲ್ಲಿ ಬೆಂಗಳೂರಲ್ಲಿ ಶುರುವಾಗಿದ್ದು ಮೊದಲನೇದು. ತುಮಕೂರಿನದ್ದು 1978ರಲ್ಲಿ ಬಂತು. ನಡುವೆ ನಮ್ಮ ನೆಲಮಂಗಲ. ಜನತಾ, ಪೈಲಟ್, ಸೋನಾ, ಕಂಚನ್ ಅನ್ನೋ ಹೆಸರುಗಳು ಆವತ್ತು ಮನೆಮನೆಯ ಮಾತು. ಅಳಿಯನಿಗೆ ಮದುವೇಲಿ ವಾಚು, ನಿವೃತ್ತಿ ದಿನ ವಾಚು, ಮೊದಲ ಸಂಬಳಕ್ಕೆ ವಾಚು.

ಜನತಾ ವಾಚಿಗೆ ದಿನಾ ಕೀ ಕೊಡಬೇಕಿತ್ತು. ಬೆಳಿಗ್ಗೆ ಎದ್ದು, ಮುಖ ತೊಳೆದು, ಕೀ ತಿರುಗಿಸಿ ಕಟ್ಟಿಕೊಳ್ಳೋದು ಒಂದು ಪೂಜೆಯ ಹಾಗೆ ನಡೀತಿತ್ತು. ಮರೆತರೆ ವಾಚು ನಿಂತುಹೋಗೋದು. ಆಗ ಯಾರೂ ರಗಳೆ ಅನ್ನಲಿಲ್ಲ. ಯಾಕಂದ್ರೆ ಆ ಮುಳ್ಳು ತೋರಿಸೋ ಸಮಯಕ್ಕೆ ಆ ಕಡೆ ಯಾರೋ ಕಾಯ್ತಿದ್ದರು. ಪೀಣ್ಯದ ಕಾರ್ಖಾನೆಯ ಸೈರನ್ನು, ಗೇಟು ಮುಚ್ಚೋ ವಾಚ್‌ಮನ್, ಆರೂಕಾಲಿಗೆ ಬಿಡೋ ಬಸ್ಸು, ಬೆಲ್ ಹೊಡೆಯೋ ಸ್ಕೂಲು. ಐದು ನಿಮಿಷ ತಪ್ಪಿದರೆ ಅರ್ಧ ದಿನದ ಕೂಲಿ ಹೋಗೋದು. ಹಳ್ಳಿಯ ಹೊತ್ತು ಕೋಳಿ ಕೂಗಿಗೆ, ನೆರಳಿನ ಅಳತೆಗೆ ನಡೀತಿದ್ದಾಗ ವಾಚು ಶೋಕಿ. ಊರು ಪಾಳಿ ಲೆಕ್ಕಕ್ಕೆ ಬಂದ ದಿನ ವಾಚು ಎಲ್ಲರದ್ದು.

ಆಮೇಲೆ ಏನಾಯ್ತು ಅನ್ನೋದು ನಿಮಗೆ ಗೊತ್ತು. ಕ್ವಾರ್ಟ್ಜ್ ಬಂತು, ಹೊಸೂರಿನ ಕಾರ್ಖಾನೆಯಿಂದ ಟೈಟಾನ್ ಬಂತು, ಕೊನೆಗೆ ಫೋನೇ ಟೈಮ್ ತೋರಿಸೋಕೆ ಶುರುಮಾಡಿತು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನ ಮುಚ್ಚೋ ತೀರ್ಮಾನ ಆಯ್ತು. ತುಮಕೂರಿನ ಆ ಜಾಗ ಇಸ್ರೋಗೆ ಹೋಯ್ತು. ಜಾಲಹಳ್ಳಿಯಲ್ಲಿ ಈಗ ಒಂದು ಎಚ್‌ಎಂಟಿ ಮ್ಯೂಸಿಯಂ ಇದೆ, ಮಕ್ಕಳನ್ನ ಕರ್ಕೊಂಡು ಒಂದ್ಸಲ ಹೋಗಿಬನ್ನಿ.

ಈಗ ಸ್ಮಾರ್ಟ್‌ವಾಚಿಗೆ ಬರೋಣ. ಅದೂ ಒಂದು ಅಂಕಿ ತೋರಿಸುತ್ತೆ. ಒಂದಲ್ಲ, ಇಪ್ಪತ್ತು ಅಂಕಿ. ಆ ಅಂಕಿಗೆ ಆ ಕಡೆ ಯಾರಿದ್ದಾರೆ?

ಮೊದಲು ಅಂಕಿ ಎಲ್ಲಿಂದ ಬರುತ್ತೆ ಅಂತ ನೋಡೋಣ. ವಾಚನ್ನ ತಿರುಗಿಸಿದರೆ ಹಿಂದೆ ಹಸಿರು ಬೆಳಕು ಮಿನುಗುತ್ತೆ. ರಕ್ತ ಹಸಿರು ಬೆಳಕನ್ನ ಚೆನ್ನಾಗಿ ಹೀರಿಕೊಳ್ಳುತ್ತೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನ ಸಣ್ಣ ನಾಳಗಳಲ್ಲಿ ರಕ್ತ ತುಂಬಿ ಇಳಿಯುತ್ತೆ, ವಾಪಸ್ ಬರೋ ಬೆಳಕು ಅದಕ್ಕೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತೆ. ಆ ಏರಿಳಿತವನ್ನ ಎಣಿಸಿದರೆ ನಾಡಿ. ಸುಮ್ಮನೆ ಕೂತಾಗ, ಪಟ್ಟಿ ಬಿಗಿಯಾಗಿದ್ದಾಗ ಈ ಲೆಕ್ಕ ಸುಮಾರಾಗಿ ಸರಿ ಬರುತ್ತೆ. ಕೈ ಆಡ್ತಾ ಇದ್ದರೆ, ಪಟ್ಟಿ ಸಡಿಲ ಇದ್ದರೆ, ಚರ್ಮ ಕಪ್ಪಾಗಿದ್ದರೆ ತಪ್ಪೋ ಸಾಧ್ಯತೆ ಹೆಚ್ಚು. ದಿನವಿಡೀ ಕೈಯಲ್ಲಿ ದುಡಿಯೋ, ಬಿಸಿಲಲ್ಲಿ ಮೈ ಕಪ್ಪಾದ ನಮ್ಮ ಜನರ ಮಣಿಕಟ್ಟು ಈ ಯಂತ್ರಕ್ಕೆ ಕಷ್ಟದ ಮಣಿಕಟ್ಟು.

ಬೀಪಿ ವಿಷಯ ಬೇರೆ. ಬೀಪಿ ಅಳೆಯೋಕೆ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ರಕ್ತದ ಹರಿವನ್ನ ಒಂದು ಕ್ಷಣ ತಡೆದು, ನಿಧಾನಕ್ಕೆ ಬಿಡಬೇಕು. ಬೆಳಕಿಗೆ ಆ ಒತ್ತಡ ಕಾಣಲ್ಲ, ಅಂದಾಜು ಮಾಡಬೇಕು. ಸ್ಯಾಮ್‌ಸಂಗ್‌ನ ದುಬಾರಿ ವಾಚು ಕೂಡ ನಾಲ್ಕು ವಾರಕ್ಕೊಮ್ಮೆ ನಿಜವಾದ ಬೀಪಿ ಯಂತ್ರದಲ್ಲಿ ಅಳೆದು ಸರಿಹೊಂದಿಸಿಕೊಳ್ಳಿ ಅನ್ನುತ್ತೆ. ಇನ್ನು ಸಾವಿರ ರೂಪಾಯಿಯ ವಾಚು ತೋರಿಸೋ 120/80 ಅನ್ನ ನಂಬಿ ಮಾತ್ರೆ ಬಿಟ್ಟವರ ಗತಿ ಏನು? ಸಕ್ಕರೆ ಕಾಯಿಲೆ ಇರೋರು ಇದನ್ನ ಗಮನವಿಟ್ಟು ಕೇಳಿ. ಸೂಜಿ ಚುಚ್ಚದೆ ಶುಗರ್ ಅಳೆಯುತ್ತೆ ಅನ್ನೋ ವಾಚು, ಉಂಗುರಗಳನ್ನ ನಂಬಬೇಡಿ ಅಂತ 2024ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ತಾನಾಗೇ ಶುಗರ್ ಅಳೆಯೋ ಅಂಥ ಒಂದು ವಾಚಿಗೂ ಅದು ಅನುಮತಿ ಕೊಟ್ಟಿರಲಿಲ್ಲ. ನಿಮ್ಮ ಮನೇಲೇ ಒಂದು ಪರೀಕ್ಷೆ ಮಾಡಬಹುದು. ಟವೆಲ್ಲನ್ನ ಬಿಗಿಯಾಗಿ ಸುತ್ತಿ ಅದಕ್ಕೆ ವಾಚು ಕಟ್ಟಿ ನೋಡಿ. ಎಷ್ಟೋ ಅಗ್ಗದ ವಾಚು ಟವೆಲ್ಲಿಗೂ ನಾಡಿ ತೋರಿಸುತ್ತೆ.

ಆದರೆ ಆ ತಾಯಿಯ ಮನೇಲಿದ್ದ ಭಯ ನಿಜವಾದ ಭಯ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯದ ತೊಂದರೆಯಿಂದ ಹೋದ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗ ಮತ್ತೆ ಅದೇ ಸಾಲು. ಆ ಸಾಲಿಗೆ ಹೋಗೋಕೆ ಆಗದೆ ಇರೋರು, ಒಂದು ದಿನದ ಕೂಲಿ ಬಿಡೋಕೆ ಆಗದೆ ಇರೋರು, ಮೊಬೈಲ್ ಅಂಗಡಿಗೆ ಹೋಗ್ತಾರೆ. ಅದಕ್ಕೇ ಆ ಅಂಗಡಿ ಹುಡುಗ ಹೇಳಿದ ಸುಳ್ಳು ನನಗೆ ಇವತ್ತಿಗೂ ಸಂಕಟ ಕೊಡುತ್ತೆ.

ಹಾರ್ಟ್ ಅಟ್ಯಾಕ್ ಅಂದ್ರೆ ಹೃದಯಕ್ಕೆ ರಕ್ತ ಒಯ್ಯೋ ನಾಳ ಕಟ್ಟಿಕೊಳ್ಳೋದು. ಅದನ್ನ ಕಂಡುಹಿಡಿಯೋ ಶಕ್ತಿ ಯಾವ ವಾಚಿಗೂ ಇಲ್ಲ, ಆಪಲ್ ಕಂಪನಿಯೇ ತನ್ನ ವಾಚಿನ ಬಗ್ಗೆ ಹಾಗೆ ಬರೆದಿದೆ. ಒಳ್ಳೆ ವಾಚು ಹಿಡಿಯೋದು ಇನ್ನೊಂದನ್ನ, ಬಡಿತದ ಲಯ ತಪ್ಪೋದನ್ನ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 4 ಲಕ್ಷ 19 ಸಾವಿರ ಜನರ ಮೇಲೆ ಇದನ್ನ ನೋಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ವಾಚು ಎಚ್ಚರಿಸಿದ್ದು ಶೇ 0.52ರಷ್ಟು ಜನರನ್ನ ಮಾತ್ರ. ಎಚ್ಚರಿಕೆ ಬಂದವರಿಗೆ ವಿಡಿಯೋದಲ್ಲಿ ಡಾಕ್ಟರ್ ಸಿಕ್ಕರು, ಎದೆಗೆ ಅಂಟಿಸಿಕೊಳ್ಳೋ ಇಸಿಜಿ ಪಟ್ಟಿ ಅಂಚೆಯಲ್ಲಿ ಮನೆಗೆ ಬಂತು. ಆ ಪಟ್ಟಿ ಹಾಕಿಕೊಂಡು ವಾಪಸ್ ಕಳಿಸಿದವರಲ್ಲಿ ಶೇ 34ರಷ್ಟು ಜನಕ್ಕೆ ನಿಜಕ್ಕೂ ಲಯದ ತೊಂದರೆ ಕಂಡಿತು. ನೋಡಿ, ಅಲ್ಲಿ ಆ ಕಡೆ ಒಬ್ಬರು ಇದ್ದರು. ವಾಚು ಬರೀ ಬಾಗಿಲು ತಟ್ಟಿತು, ಬಾಗಿಲು ತೆಗೆಯೋಕೆ ಡಾಕ್ಟರ್ ಇದ್ದರು.

ನಮ್ಮಲ್ಲಿ ಬಾಗಿಲೇ ಇಲ್ಲ ಅಂತ ಅಲ್ಲ. ಪುನೀತ್ ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೇಲಿ ಇಸಿಜಿ ತೆಗೆದು, ದೊಡ್ಡ ಕೇಂದ್ರದ ತಜ್ಞರು ಅದನ್ನ ನೋಡಿ, ಬೇಕಾದರೆ ಹೆಪ್ಪು ಕರಗಿಸೋ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡೋ ವ್ಯವಸ್ಥೆ ಅದು. ಎದೆ ಹಿಡಿದುಕೊಂಡರೆ, ಎಡಗೈ ಸೆಳೆದರೆ, ಬೆವರಿದರೆ ವಾಚು ನೋಡ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ವಾಚಲ್ಲಿ 72 ಅಂತ ಇದ್ದರೂ ಹೋಗಿ.

ಆ ಕಡೆ ಒಬ್ಬರು ಇದ್ದರೆ ಇಂಥ ಯಂತ್ರ ಹೇಗೆ ನೆಲೆ ನಿಲ್ಲುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. ಹಸುವಿನದ್ದು. 2011ರಲ್ಲಿ ಬೆಂಗಳೂರಲ್ಲಿ ಶುರುವಾದ ಸ್ಟೆಲ್ಲಾಪ್ಸ್ ಅನ್ನೋ ಕಂಪನಿ ಹಸುವಿನ ಕಾಲಿಗೆ ಕಟ್ಟೋ ಒಂದು ಸಾಧನ ಮಾಡಿದೆ, ಹೆಸರು ಮೂಆನ್. ಅದು ಎಣಿಸೋದು ಹೆಜ್ಜೆ, ನಮ್ಮ ವಾಚು ಎಣಿಸೋದೂ ಹೆಜ್ಜೆ. ಹಸು ಬೆದೆಗೆ ಬಂದಾಗ ಒಂದು ಕಡೆ ನಿಲ್ಲಲ್ಲ, ಚಡಪಡಿಸುತ್ತೆ, ಹೆಜ್ಜೆ ಹೆಚ್ಚುತ್ತೆ. ಹಾಲು ಕರೆಯೋ ಮನೆಗಳಿಗೆ ಇದು ಗೊತ್ತು. ಬೆದೆ ಕಂಡ ಮೇಲೆ ಸುಮಾರು ಅರ್ಧ ದಿನಕ್ಕೆ ಗರ್ಭ ಕಟ್ಟಿಸೋ ಇಂಜೆಕ್ಷನ್ ಕೊಡಿಸಬೇಕು. ರಾತ್ರಿ ಬೆದೆಗೆ ಬಂದು ಬೆಳಿಗ್ಗೆ ಯಾರೂ ಗಮನಿಸಲಿಲ್ಲ ಅಂದ್ರೆ ಮತ್ತೆ 21 ದಿನ ಕಾಯಬೇಕು. ಮೂರು ವಾರದ ಮೇವು, ಹಿಂಡಿ ಬರೀ ಖರ್ಚು. ಅಲ್ಲಿ ಹೆಜ್ಜೆ ಹೆಚ್ಚಿತು ಅಂದ್ರೆ ರೈತ ಒಂದು ಫೋನ್ ಮಾಡ್ತಾನೆ, ಇಂಜೆಕ್ಷನ್ ಕೊಡೋರು ಬೈಕ್ ಹತ್ತಿ ಬರ್ತಾರೆ. ನಮ್ಮ ಕೈಯ ವಾಚು 8,412 ಹೆಜ್ಜೆ ಅಂದ್ರೆ ಯಾರಿಗೆ ಫೋನ್ ಮಾಡೋದು? ಕಳೆ ಕಿತ್ತು, ಹುಲ್ಲು ಹೊತ್ತು ಬಂದ ಹೆಂಗಸಿಗೆ ನಡೆದದ್ದು ಸಾಲದು, ಇನ್ನೂ ನಡಿ ಅಂತ ಹೇಳೋ ಯಂತ್ರ ಯಾಕೆ ಬೇಕು?

ಆ ಕಡೆ ಯಾರು ಇರ್ತಾರೆ ಅನ್ನೋದೂ ಮುಖ್ಯ. ನಾಗ್ಪುರ, ಚಂಡೀಗಢದಂಥ ಊರುಗಳಲ್ಲಿ ನಗರಪಾಲಿಕೆಗಳು ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚು ಕಟ್ಟಿಸಿದವು. ಎಲ್ಲಿ ನಿಂತರು, ಎಷ್ಟು ಹೊತ್ತು ಕೂತರು ಅನ್ನೋ ಲೆಕ್ಕ ಮೇಲಿನವರಿಗೆ. ಕಾರ್ಮಿಕರು ಪ್ರತಿಭಟಿಸಿದರು, ಅದು ನ್ಯಾಯವೇ. ದೇವನಹಳ್ಳಿ ಸುತ್ತ ಈಗ ಫಾಕ್ಸ್‌ಕಾನ್ ಸೇರಿದಂತೆ ದೊಡ್ಡ ದೊಡ್ಡ ಕಾರ್ಖಾನೆಗಳು ಏಳ್ತಿವೆ, ಸಾವಿರಾರು ಹೆಣ್ಣುಮಕ್ಕಳು ಪಾಳಿಗೆ ಹೋಗ್ತಿದ್ದಾರೆ. ನಾಳೆ ಯಾವ ಕಾರ್ಖಾನೆಯಾದರೂ ಉಚಿತವಾಗಿ ವಾಚು ಕಟ್ಟಿಸುತ್ತೆ ಅಂದ್ರೆ, ಅಂಕಿ ಯಾರ ಕಂಪ್ಯೂಟರಿಗೆ ಹೋಗುತ್ತೆ ಅಂತ ಮೊದಲು ಕೇಳಿ.

ಭಾಷೆಯದ್ದೂ ಒಂದು ಕೊರತೆ ಇದೆ. ಎಷ್ಟೋ ಅಗ್ಗದ ವಾಚುಗಳಲ್ಲಿ ಕನ್ನಡದ ಮೆಸೇಜು ಬಂದರೆ ಖಾಲಿ ಚೌಕಗಳು ಕಾಣ್ತವೆ. ನಮ್ಮ ಒತ್ತಕ್ಷರ ಅಕ್ಷರದ ಕೆಳಗೆ ಕೂರಬೇಕು, ಗುಣಿತ ಅಂಟಬೇಕು. ಅದಕ್ಕೆ ಫಾಂಟೂ ಬೇಕು, ಜೋಡಿಸೋ ತಂತ್ರಾಂಶವೂ ಬೇಕು. ವಾಚು ಕೆಟ್ಟರೆ ರಿಪೇರಿಯೂ ಇಲ್ಲ. ಎಚ್‌ಎಂಟಿ ನಿಂತರೆ ಊರಿನ ವಾಚ್ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಿಚ್ಚೋರು. ಮೊಬೈಲ್ ಅಂಗಡಿಯ ಅದೇ ಗಾಜಿನ ಪೆಟ್ಟಿಗೆ ಮುಂದೆ ಈ ವಾಚು ತಗೊಂಡು ಹೋದರೆ, ಬ್ಯಾಟರಿ ಅಂಟಿಸಿಬಿಟ್ಟಿದ್ದಾರೆ ಸ್ವಾಮಿ, ಹೊಸದೇ ತಗೊಳ್ಳಿ ಅಂತಾರೆ.

ಹಾಗಾದ್ರೆ ಇದು ಯಾವತ್ತೂ ಎಲ್ಲರ ವಾಚು ಆಗಲ್ವಾ? ಹೀಗೆ ಯೋಚಿಸ್ತಿದ್ದ ನನ್ನನ್ನ ಬದಲಾಯಿಸಿದ್ದು ಅಂಗಡಿ ಹೊರಗೆ ಆ ಮಗಳು ಆಡಿದ ಮಾತು.

ನಾನು ಹೇಳಿದೆ, "ಅಮ್ಮಾ, ಬೀಪಿಗೆ ಇದನ್ನ ನಂಬಬೇಡಿ. ಮೆಡಿಕಲ್ ಸ್ಟೋರಲ್ಲಿ ತೋಳಿಗೆ ಕಟ್ಟೋ ಮಿಷಿನ್ ಸಿಗ್ತದೆ, ಅದು ತಗೊಳ್ಳಿ. ಇಲ್ಲ, ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ನೋಡ್ತಾರೆ. ಇದನ್ನ ವಾಪಸ್ ಕೊಟ್ಟುಬಿಡಿ."

ಆಯಮ್ಮ ಮಗಳ ಮುಖ ನೋಡಿದರು. ಮಗಳು ಹೇಳಿದಳು, "ಬೀಪಿ ಇಲ್ದಿದ್ರೆ ಬೇಡ ಬಿಡಿ ಅಣ್ಣ. ಅಪ್ಪಂಗೆ ಮಗ್ಗದ ಸದ್ದಲ್ಲಿ ಫೋನ್ ಕೇಳ್ಸಲ್ಲ. ಹೋದ ವಾರ ಅಜ್ಜಿ ಬಿದ್ದಾಗ ಇಪ್ಪತ್ತು ಸಲ ಮಾಡಿದ್ವಿ, ಎತ್ಲೇ ಇಲ್ಲ. ಇದು ಕೈಯಲ್ಲಿ ನಡುಗ್ತದಲ್ಲ, ಅದ್ಕೇ."

ವಿದ್ಯುತ್ ಮಗ್ಗದ ಶೆಡ್ಡಿನೊಳಗೆ ನಿಂತವರಿಗೆ ಗೊತ್ತು. ಲಾಳಿ ಬಡಿಯೋ ಸದ್ದು 90 ಡೆಸಿಬೆಲ್ ದಾಟೋದು ಸಾಮಾನ್ಯ. ಪಕ್ಕದವರು ಕೂಗಿದರೂ ಕೇಳಲ್ಲ, ಜೇಬಿನ ಫೋನ್ ಎಲ್ಲಿ ಕೇಳಬೇಕು. ದೊಡ್ಡಬಳ್ಳಾಪುರದಲ್ಲಿ ಇಂಥ ಶೆಡ್ಡುಗಳು ಬೀದಿ ಬೀದಿಗೂ ಇವೆ.

ಎರಡು ವಾರ ಬಿಟ್ಟು ಆ ಮನೆಗೆ ಹೋಗಿದ್ದೆ. ಯಜಮಾನರ ಕೈಯಲ್ಲಿ ವಾಚು ಇತ್ತು. ಮೊಣಕೈ ಕಡೆಗೆ ಸ್ವಲ್ಪ ಮೇಲೆ ಸರಿಸಿ ಕಟ್ಟಿದ್ದರು, ಎಳೆ ಕಡಿದಾಗ ಗಂಟು ಹಾಕೋಕೆ ಅಡ್ಡ ಬರಬಾರದು ಅಂತ. ಬೀಪಿ ಎಷ್ಟು ತೋರಿಸುತ್ತೆ ಅಂತ ಕೇಳಿದೆ. ಆ ಸ್ಕ್ರೀನು ಅವರು ತೆಗೆದೇ ಇರಲಿಲ್ಲ. ಬೀಪಿಯನ್ನ ಆಸ್ಪತ್ರೇಲಿ ನೋಡಿಸಿಕೊಂಡು ಬಂದಿದ್ದರು, ಸ್ವಲ್ಪ ಜಾಸ್ತಿ ಇತ್ತಂತೆ, ಮಾತ್ರೆ ಶುರುವಾಗಿದೆ. ಮಾತಾಡ್ತಾ ಇದ್ದ ಹಾಗೇ ಕೈ ನಡುಗಿತು. ಒಳಗಿಂದ ಮೊಮ್ಮಗು, ಅಜ್ಜಿಯ ಫೋನಿಂದ ಅಜ್ಜನಿಗೆ ಫೋನ್ ಮಾಡಿ, ಬಾಗಿಲ ಸಂದಿಯಿಂದ ನೋಡ್ತಿತ್ತು.