ನಮ್ಮ ನೆರೆಯ ಹಲ್ಲಿಗಳು



ಮುಂಬಯಿ ಮತ್ತು ಠಾಣೆಗಳ ನಡುವೆ ನೂರು ಚದರ ಕಿಲೋಮೀಟರಿಗೂ ಮಿಗಿಲಾದ ಅರಣ್ಯವಿದೆ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವೇ ಅದು. ಅದರ ಅಂಚಿನ ಬೋರಿವಲಿ, ಗೋರೆಗಾಂವ್, ಮುಲುಂಡ್ ಬಡಾವಣೆಗಳ ಅಂಗಳಗಳಲ್ಲಿ ಹಲ್ಲಿಯ ಬಳಗದ ಪ್ರಾಣಿಗಳು ಕಾಣಿಸಿಕೊಳ್ಳುವುದು ಸಹಜ. ಕಂಡೊಡನೆ ವಿಷಜಂತುವೆಂದು ಕೋಲೆತ್ತುವುದೂ ರೂಢಿಯಾಗಿದೆ. ಈ ಭಯಕ್ಕೆ ಆಧಾರವುಂಟೇ ಎಂಬುದನ್ನು ಪರಿಶೀಲಿಸೋಣ.

ಮೊದಲನೆಯದು ಮನೆಯ ಹಲ್ಲಿ, ಮರಾಠಿಯ ‘ಪಾಲ್’. ಇದಕ್ಕೆ ಕಣ್ಣುರೆಪ್ಪೆಗಳಿಲ್ಲ, ನಾಲಿಗೆಯಿಂದಲೇ ಕಣ್ಣನ್ನು ಒರೆಸಿಕೊಳ್ಳುತ್ತದೆ. ಛಾವಣಿಗೆ ತಲೆಕೆಳಗಾಗಿ ಅಂಟಿಕೊಳ್ಳುವುದು ಯಾವುದೇ ಅಂಟಿನಿಂದಲ್ಲ, ಬೆರಳುಗಳಡಿಯ ಅತಿಸೂಕ್ಷ್ಮ ರೋಮಗಳಿಗೂ ಗೋಡೆಗೂ ನಡುವಣ ಅಣುಗಳ ಆಕರ್ಷಣೆಯಿಂದ. ಇದಕ್ಕೆ ವಿಷವಿಲ್ಲ. ಇದು ಬಿದ್ದ ಆಹಾರವನ್ನು ಚೆಲ್ಲಬೇಕೆಂಬುದು ನಿಜ. ಆದರೆ ಅದಕ್ಕೆ ಕಾರಣ ರೋಗಾಣುಗಳೇ ಹೊರತು ವಿಷವಲ್ಲ.

ಎರಡನೆಯದು ಬೇಲಿಯ ಮೇಲಿನ ಓತಿಕ್ಯಾತ, ಮರಾಠಿಯ ‘ಸರಡಾ’. ಒರಟು ಹುರುಪೆ, ಬೆನ್ನ ಮೇಲೆ ಮುಳ್ಳಿನಂಥ ಸಾಲು ಇದರ ಗುರುತು. ಸಂತಾನಕಾಲದಲ್ಲಿ ಗಂಡಿನ ತಲೆ, ಗಂಟಲು ಕೆಂಪೇರುತ್ತವೆ. ಇದರಿಂದಾಗಿ ರಕ್ತ ಹೀರುವ ಪ್ರಾಣಿಯೆಂಬ ಅಪವಾದ ಇದಕ್ಕೆ ತಟ್ಟಿದೆ. ಹಲ್ಲಿಯ ಬಾಲ ಕಳಚಿದರೆ ಮತ್ತೆ ಬೆಳೆಯುತ್ತದೆ. ಓತಿಕ್ಯಾತನಿಗೆ ಆ ಭಾಗ್ಯವಿಲ್ಲ. ಮಕ್ಕಳ ಕಲ್ಲೇಟಿಗೆ ಹೋದ ಬಾಲ ಹೋದಂತೆಯೇ.

ಮೂರನೆಯದು ನುಣುಪಾಗಿ ಹೊಳೆಯುವ ಹಾವುರಾಣಿ. ಕಾಲುಗಳು ಗಿಡ್ಡವಾದುದರಿಂದ ತರಗೆಲೆಗಳಲ್ಲಿ ಹರಿದಾಡುವಾಗ ಹಾವಿನಂತೆ ತೋರುತ್ತದೆ. ಈ ಹೋಲಿಕೆಯೇ ಅದಕ್ಕೆ ಮೃತ್ಯುವಾಗುತ್ತಿದೆ.

ಕೊನೆಯದು ಉಡ, ಮರಾಠಿಯ ‘ಘೋರ್ಪಡ್’. ತಾನಾಜಿಯು ಸಿಂಹಗಡವನ್ನೇರಲು ನೆರವಾದುದೆಂದು ಐತಿಹ್ಯ ಸಾರುವ ಪ್ರಾಣಿಯಿದು. ‘ಉಡದ ಪಟ್ಟು’ ಎಂಬ ನಮ್ಮ ಮಾತಿಗೂ ಅದರ ಬಲವಾದ ಉಗುರುಗಳೇ ಮೂಲ. ಸೀಳುನಾಲಿಗೆಯಿಂದ ವಾಸನೆ ಹಿಡಿದು ಇಲಿ, ಕೀಟ, ಸತ್ತ ಪ್ರಾಣಿಗಳನ್ನು ತಿಂದು ಪರಿಸರವನ್ನು ಶುಚಿಗೊಳಿಸುತ್ತದೆ. ಕೆಣಕಿದರೆ ಕಚ್ಚಬಹುದು, ಆದರೆ ಕಚ್ಚಿದೊಡನೆ ಸಾವು ಎಂಬ ನಂಬಿಕೆ ನಿರಾಧಾರ. ಗಾಯವನ್ನು ತೊಳೆದು ವೈದ್ಯರಿಗೆ ತೋರಿಸಿದರಾಯಿತು.

ದುರ್ದೈವವೆಂದರೆ, ಎಣ್ಣೆ, ಮಾಂಸ, ಚರ್ಮಗಳಿಗಾಗಿ ಉಡವನ್ನು ಇಂದಿಗೂ ಕೊಲ್ಲಲಾಗುತ್ತಿದೆ. ‘ಹತ್ಥಾ ಜೋಡಿ’ ಎಂಬ ಅದೃಷ್ಟದ ಬೇರೆಂದು ಮಾರುವ ವಸ್ತುವು ಅನೇಕ ವೇಳೆ ಗಂಡು ಉಡದ ಒಣಗಿಸಿದ ಜನನಾಂಗವಾಗಿರುತ್ತದೆ. ಇದನ್ನು ಕೊಂಡವರು ತಿಳಿಯದೆಯೇ ಅಪರಾಧಕ್ಕೆ ಒಳಗಾಗಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಉಡವು ಸೇರಿದೆ. ಅದನ್ನು ಕೊಂದವರಿಗೆ 3ರಿಂದ 7 ವರ್ಷಗಳ ಸೆರೆವಾಸ ವಿಧಿಸಲು ಅವಕಾಶವಿದೆ.

ಆದುದರಿಂದ ಅಂಗಳಕ್ಕೆ ಉಡ ಬಂದರೆ ಮಕ್ಕಳನ್ನೂ ನಾಯಿಗಳನ್ನೂ ದೂರವಿರಿಸಿ, ಅದಕ್ಕೆ ದಾರಿ ಬಿಡಿ. ಹೋಗದಿದ್ದಲ್ಲಿ ಅರಣ್ಯ ಇಲಾಖೆಗೆ ತಿಳಿಸಿ. ಇವುಗಳನ್ನು ಗುರುತಿಸಬಲ್ಲ ಕಣ್ಣು ನಮ್ಮದಾದರೆ ಕೋಲೆತ್ತುವ ಕೈ ತಾನಾಗಿಯೇ ಇಳಿಯುತ್ತದೆ.